ಸಾಹುಕಾರನ ಗೋಡೆಯ ಸುಣ್ಣ

ಹೊಳೆದಂಡೆಯ ಒಂದು ಊರು. ಆ ಊರಲ್ಲೊಬ್ಬ ಸಾಹುಕಾರ. ಹೆಸರು ಬೇಡ ತಾಯಂದಿರೇ. ಹೆಸರು ಹೇಳಿದರೆ ನೀವು ಅವನನ್ನು ಹುಡುಕುತ್ತೀರಿ, ನಿಮ್ಮನ್ನು ಮರೆಯುತ್ತೀರಿ.

ಎರಡು ಮೂರು ವರ್ಷಕ್ಕೊಮ್ಮೆ ಹೊಳೆ ಆ ಊರಿಗೆ ನುಗ್ಗುತ್ತಿತ್ತು. ಸಾಹುಕಾರನ ಪಡಸಾಲೆಯಲ್ಲೇ ಎದೆಮಟ್ಟದ ನೀರು ಎಂದಮೇಲೆ, ಕೆಳಗಿನ ಓಣಿಯ ಮಣ್ಣಿನ ಮನೆಗಳ ಗತಿ ಏನು, ನೀವೇ ಹೇಳಿ. ತಡೆಗೋಡೆ ಕಟ್ಟಿಸಿಕೊಡಿ ಎಂದು ಊರವರು ಸರ್ಕಾರಕ್ಕೆ ಅರ್ಜಿ ಕೊಟ್ಟರು. ಒಂದಲ್ಲ, ಏಳು ಅರ್ಜಿ. ಕೊನೆಗೂ ಉತ್ತರ ಬಂತು: ಎಂಜಿನಿಯರ್ ಸಾಹೇಬರು ಬಂದು, ಗೋಡೆಯ ಮೇಲೆ ನೀರಿನ ಕಲೆ ನೋಡಿ, ಮನೆಯವರನ್ನು ಕೇಳಿ ಬರೆದುಕೊಳ್ಳುತ್ತಾರೆ. ಆಮೇಲೆ ಹಣ ಮಂಜೂರು.

ಆದರೆ ನೋಡಿ, ಮುಳುಗುವ ಊರಿಗೆ ಹೆಣ್ಣು ಕೊಡುವವರು ಯಾರು? ಅದಕ್ಕೇ ಆ ಊರಲ್ಲಿ ಮದುವೆಯ ಮಾತು ಬಂದ ಮನೆಯವರು ಮೊದಲು ಗೋಡೆಗೆ ಸುಣ್ಣ ಹೊಡೆಯುತ್ತಿದ್ದರು. ಸಾಹುಕಾರನಿಗೂ ಮೂವತ್ತು ದಾಟಿದ ಮಗನಿದ್ದ. ನಾಲ್ಕು ಸಂಬಂಧ ತಪ್ಪಿಹೋಗಿದ್ದವು. ಐದನೆಯವರು ಮನೆ ನೋಡಲು ಬರುತ್ತೇವೆ ಎಂದಾಗ ಅವನೂ ಸುಣ್ಣ ಹೊಡೆಸಿದ.

ಬೀಗರಾಗುವವರು ಪಡಸಾಲೆಯಲ್ಲಿ ಕೂತು ಅವಲಕ್ಕಿ ತಿನ್ನುತ್ತಿದ್ದಾಗಲೇ ಎಂಜಿನಿಯರ್ ಬಂದರು. ಕೆಳಗಿನ ಓಣಿಯಲ್ಲಿ ಬಿದ್ದ ಮನೆಗಳನ್ನು ಹೊಸ ಮಣ್ಣಲ್ಲಿ ಕಟ್ಟಿದ್ದರು. ಅಲ್ಲಿ ಕಲೆ ಎಲ್ಲಿಂದ ಬರಬೇಕು? ಹಾಗೆಂದೇ ಆ ಓಣಿಯ ಹೆಣ್ಣುಮಗಳೊಬ್ಬಳು ಅವರನ್ನು ಇಲ್ಲಿಗೆ ಕರೆತಂದಿದ್ದಳು.

"ಸಾವ್ಕಾರ್ರ, ನೀರು ಎಲ್ಲಿ ಮಟಾ ಬಂದಿತ್ತು, ಸಾಹೇಬ್ರಿಗೆ ತೋರಸ್ರಿ," ಎಂದಳು.

ಸಾಹುಕಾರ ಬೀಗರ ಕಡೆ ನೋಡಿದ. ನಿಜ ಹೇಳಿದರೆ ಮಗ ಜನ್ಮಪೂರ್ತಿ ಒಂಟಿ ಎನ್ನಿಸಿತು. "ನೀರಾ? ಏನೋ ಮೆಟ್ಟಲಕ್ಕ ಮುಟ್ಟಿ ಹೋಗ್ತೈತ್ರಿ. ನಮ್ಮ ಮಂದಿ ಸಣ್ಣದನ್ನ ದೊಡ್ಡದು ಮಾಡ್ತಾರ," ಎಂದು ನಕ್ಕ.

"ಅಯ್ಯ ಶಿವನೇ, ಹಿಂಗ ಹೇಳಬ್ಯಾಡ್ರಿ!" ಎಂದು ಅವಳು ಬಾಯಿ ಬಾಯಿ ಬಡಿದುಕೊಂಡಳು. ಯಾರು ಕೇಳಬೇಕು? ಊರಿನ ದೊಡ್ಡವನೇ ಇಲ್ಲ ಎಂದಮೇಲೆ ಸಾಹೇಬರು ಹಾಗೇ ಬರೆದುಕೊಂಡು ಹೋದರು.

ಹಣ ಬೇರೆ ಊರಿಗೆ ಹೋಯಿತು. ಮದುವೆಯೇನೋ ಆಯಿತು. ಶ್ರಾವಣದಲ್ಲಿ ಹೊಳೆ ಬಂತು. ಸಾಹುಕಾರನ ಮನೆಯವರು ಮಾಳಿಗೆ ಹತ್ತಿ ಉಳಿದರು. ಕೆಳಗಿನ ಓಣಿಯಲ್ಲಿ ಗೋಡೆ ಕುಸಿದು ಆ ಹೆಣ್ಣುಮಗಳ ತಾಯಿ ಸತ್ತಳು. ಹಾಸಿಗೆ ಹಿಡಿದ ಮುದುಕಿ. ಎತ್ತಿಕೊಂಡು ಹೊರಡುವಷ್ಟೂ ಹೊತ್ತು ಸಿಗಲಿಲ್ಲ.

ಸಾಹುಕಾರ ಸೀರೆ, ಜೋಳ ತೆಗೆದುಕೊಂಡು ಗಂಜಿ ಕೇಂದ್ರಕ್ಕೆ ಹೋದ. ಅಲ್ಲಿದ್ದ ಆ ಹೆಣ್ಣುಮಗಳು ಬೈಯಲಿಲ್ಲ, ಶಪಿಸಲಿಲ್ಲ. "ಸೊಸಿ ಚಲೋ ಅದಾಳೇನ್ರಿ?" ಎಂದಷ್ಟೇ ಕೇಳಿದಳು. ಸಾಹುಕಾರ ಅಲ್ಲೇ ನೆಲದ ಮೇಲೆ ಕುಸಿದು ಕೂತು ಅತ್ತ.

ಮರುವರ್ಷ ಸಾಹೇಬರು ಮತ್ತೆ ಬಂದರು. ಸಾಹುಕಾರ ಬೀಗರನ್ನೂ ಕರೆಸಿ, ಅವರೆದುರೇ "ನಾ ಸುಳ್ಳು ಹೇಳಿದ್ದೆ" ಎಂದು ಒಪ್ಪಿಕೊಂಡ. ತಡೆಗೋಡೆ ಎದ್ದಿತು. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತೇವೆ. ಹೋದ ಜೀವ ಏನು ಕೊಟ್ಟರೆ ಬಂದೀತು?

ಅವನನ್ನು ಬೈಯಬೇಡಿ. ಅಧಿಕಾರಿ ಬಂದ ದಿನ ಸೋರುವ ಶಾಲೆಗೆ ಬ್ಯಾನರ್ ಕಟ್ಟಿ ಮುಚ್ಚಿದವರು ಯಾರು? ಕುಡಿಯುವ ನೀರು ಹೇಗಿದೆ ಎಂದರೆ "ಎಲ್ಲಾ ಚಲೋ ಐತ್ರಿ" ಎಂದವರು ಯಾರು? ನಿಮ್ಮ ಸ್ವಂತ ನೋವನ್ನು ಬೇಕಾದರೆ ಮುಚ್ಚಿಟ್ಟುಕೊಳ್ಳಿ. ಓಣಿಯ ನೋವನ್ನು ಮುಚ್ಚುವ ಹಕ್ಕು ನಿಮಗೆ ಯಾರೂ ಕೊಟ್ಟಿಲ್ಲ. ನಾಡಿದ್ದು ನಿಮ್ಮೂರಲ್ಲಿ ಗ್ರಾಮಸಭೆ. ಪಕ್ಕದಲ್ಲಿ ಯಾರೇ ಕೂತಿರಲಿ, ಎದ್ದು ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿ. ನಾಲ್ಕು ಜನರೆದುರು ತಲೆ ತಗ್ಗಿದರೆ ತಗ್ಗಲಿ. ನಾಳೆ ಹೆಣದ ಮುಂದೆ ತಗ್ಗಿಸುವುದಕ್ಕಿಂತ ಅದೇ ವಾಸಿ.