ನೆರಳಿನ ಪಾಳಿ

...ಇಲ್ಲ ರಮ್ಯ, ನೀನು ಕೂತ್ಕೋ. ಅಲ್ಲಿಗೆ ಹೋಗಿ ನೀನೇನು ಮಾಡ್ತೀಯ? ನಿಮ್ಮೆಜಮಾನ್ರು ಅಲ್ಲಿದ್ದಾರೆ, ಮಕ್ಕಳಿಗೆ ಬಸ್ಸಲ್ಲಿ ಓಡಾಡೋದು ಕಲಿಸೋ ನಮ್ಮ ಆದಿಲ್ ಅಲ್ಲಿದ್ದಾನೆ, ಪೊಲೀಸರು ಇಬ್ಬರಿದ್ದಾರೆ. ಕೇಂದ್ರದ ಗಲ್ಲೀಲಿ ಇರೋದೇ ಹದಿನಾಲ್ಕು ಮನೆ, ಮೂರು ಅಂಗಡಿ. ಒಂದೊಂದೇ ಬಾಗಿಲು ತಟ್ಟಿ ಕೇಳ್ತಿದ್ದಾರೆ. ಇಲ್ಲಿ ಭವನದಲ್ಲೂ ಯಾರಾದ್ರೂ ಇರಬೇಕಲ್ಲಮ್ಮ. ನಿನ್ನ ಮಗಳಿಗೆ ಮನೆ, ಕೆಲಸದ ಕೇಂದ್ರ ಬಿಟ್ರೆ ಗುರುತಿರೋದು ಈ ಮರ್ಫಿ ಟೌನ್ ಭವನ ಒಂದೇ. ಪ್ರತಿ ಶನಿವಾರ ಬಂದು ಕೂರೋ ಜಾಗ. ಬೃಂದಾ ಅವಳಾಗೇ ನಡ್ಕೊಂಡು ಬಂದ್ಬಿಟ್ರೆ?

ನೀರು ಕುಡಿ.

ಬೇಡ್ವಾ. ಸರಿ, ಇಲ್ಲಿಟ್ಟಿರ್ತೀನಿ.

ಮೂರೂವರೆ ಆಯ್ತು. ಒಂಬತ್ತೂವರೆಯಿಂದ ಮೂರೂವರೆ... ಆರು ಗಂಟೆ. ಆರು ಗಂಟೆ ಏನೂ ಅಲ್ಲ ಕಣಮ್ಮ. ಹೋದ ವರ್ಷ ಮುನಿವೆಂಕಟಪ್ಪನ ಮಗ ಮಧುಕರ್ ಕಮರ್ಷಿಯಲ್ ಸ್ಟ್ರೀಟಲ್ಲಿ ಕೈ ತಪ್ಪಿಸ್ಕೊಂಡ. ಸಂಜೆ ತನಕ ಪತ್ತೆ ಇಲ್ಲ. ಎಲ್ಲಿದ್ದ ಹೇಳು? ಬಟ್ಟೆ ಅಂಗಡಿಯ ಟ್ರಯಲ್ ರೂಮಲ್ಲಿ ಚಿಲಕ ಹಾಕ್ಕೊಂಡು ಶರ್ಟ್ ಮೇಲೆ ಶರ್ಟ್ ಹಾಕ್ಕೊಳ್ತಿದ್ದ. ಐದು ಶರ್ಟ್, ಒಂದರ ಮೇಲೊಂದು. ನೀನೂ ನಕ್ಕಿದ್ದೆ ಆವತ್ತು. ನಕ್ಕಿದ್ದೆ ತಾನೆ?

ಹೂಂ. ಇವತ್ತು ಬೇಡ ಆ ಮಾತು.

ಪೊಲೀಸಮ್ಮನಿಗೆ ಹೇಳಿದ್ದನ್ನೇ ನಿನಗೂ ಹೇಳ್ತೀನಿ. ನೀನು ಕೇಳ್ತಿಲ್ಲ, ಆದ್ರೂ ಹೇಳ್ತೀನಿ. ಇವತ್ತು ಬುಧವಾರ. ಸೋಮವಾರ, ಬುಧವಾರ ಮಕ್ಕಳ ಹಿಂದೆ ನೆರಳಾಗಿ ಹೋಗೋ ಪಾಳಿ ನಂದು. ಮಂಗಳವಾರ, ಗುರುವಾರ ನಿಂದು. ಶುಕ್ರವಾರ ಆದಿಲ್‌ದು. ಒಂಬತ್ತೂಕಾಲಿಗೆ ನನ್ನ ಮಗ ಸೂರ್ಯನ್ನ, ನಿಮ್ಮ ಬೃಂದಾನ್ನ ಹಲಸೂರು ಸ್ಟಾಪಲ್ಲಿ ಹತ್ತಿಸ್ದೆ. ಅವರಿಬ್ಬರು ಮುಂದಿನ ಬಾಗಿಲು, ನಾನು ಹಿಂದಿನ ಬಾಗಿಲು. ಆದಿಲ್ ಹೇಳ್ಕೊಟ್ಟ ಹಾಗೇ. ಮೊದಲನೇ ತಿಂಗಳು ಪಕ್ಕದ ಸೀಟು, ಎರಡನೇ ತಿಂಗಳು ಎರಡು ಸೀಟು ಹಿಂದೆ, ಈಗ ಮೂರನೇ ತಿಂಗಳು, ಹಿಂಬಾಗಿಲು. ಅವರಿಗೆ ನಾವು ಕಾಣಬಾರದು, ನಮಗೆ ಅವರು ಕಾಣ್ತಿರಬೇಕು. ನಾಲ್ಕೇ ಸ್ಟಾಪು. ಇಂದಿರಾನಗರದಲ್ಲಿ ಇಳಿದ್ರೆ ಇನ್ನೂರು ಹೆಜ್ಜೆಗೆ ಕೇಂದ್ರ. ಆಮೇಲೆ ಸಂಜೆ ತನಕ ಕಾಗದದ ಚೀಲ ಅಂಟಿಸ್ಕೊಂಡು ಕೂತಿರ್ತಾರೆ. ಇಬ್ಬರೂ ಇಳಿದ್ರು, ನಾನು ಬಾಗಿಲಲ್ಲಿ ನಿಂತು ನೋಡ್ದೆ. ಗಲ್ಲಿ ಕಡೆ ತಿರುಗಿದ್ರು. ನಾನು ರಸ್ತೆ ದಾಟಿ ವಾಪಸ್ ಬಸ್ ಹತ್ತಿದೆ. ಅಷ್ಟೇ.

ಅಷ್ಟೇ ಅಂದ್ರೆ... ಆ ಇನ್ನೂರು ಹೆಜ್ಜೇಲೇ ಏನೋ ಆಗಿರೋದು. ಅದಕ್ಕೇ ಗಲ್ಲೀನ ಬಿಡಬೇಡಿ ಅಂತ ಹೇಳಿದ್ದೀನಿ.

ಕ್ಯಾಮೆರಾನಾ? ಹೌದು, ಮೆಡಿಕಲ್ ಅಂಗಡಿ ಕ್ಯಾಮೆರಾದಲ್ಲಿ ಸೂರ್ಯ ಒಬ್ಬನೇ ನಡ್ಕೊಂಡು ಹೋಗೋದು ಕಾಣ್ಸತ್ತಂತೆ. ಆದಿಲ್ ಫೋನ್ ಮಾಡಿದ್ದ. ಅಲ್ಲಿ ಹೊಂಗೆ ಮರ ಇದೆಯಲ್ಲಮ್ಮ, ಅರ್ಧ ರಸ್ತೆ ಮುಚ್ಚಿಬಿಡತ್ತೆ. ನಿನ್ನ ಮಗಳು ಯಾವಾಗಲೂ ಎರಡು ಹೆಜ್ಜೆ ಹಿಂದೆ. ಮರದ ಆಚೆ ಇದ್ದಿರಬೇಕು.

ಪೊಲೀಸಮ್ಮ ಟಿಕೆಟ್ ಕೇಳಿದ್ರು ನನ್ನನ್ನ. ಹೆಂಗಸರ ಫ್ರೀ ಟಿಕೆಟ್ ಯಾರಾದ್ರೂ ಜೋಪಾನವಾಗಿ ಇಟ್ಕೊಳ್ತಾರಾ? ಅಲ್ಲೇ ಬಿಸಾಕ್ದೆ ಅಂದೆ. ಕಂಡಕ್ಟರ್ ಗಂಡಸಾ ಹೆಂಗಸಾ ಅಂತ ಕೇಳಿದ್ರು. ಗಂಡಸು ಅಂದೆ. ಸೂರ್ಯ ಪಕ್ಕದಲ್ಲೇ ನಿಂತಿದ್ದ, "ಆಂಟಿ" ಅಂದ. ಅವನು ಎಲ್ಲರಿಗೂ ಆಂಟಿ ಅಂತಾನೆ ಮೇಡಂ, ಅವನಿಗೆ ಗೊಂದಲ ಆಗತ್ತೆ ಅಂದೆ.

ಯಾಕೆ ಹಾಗೆ ನೋಡ್ತೀಯ? ಆಗಲ್ವಾ ಗೊಂದಲ? ನಿನ್ನೆಯ ಸಾರನ್ನ ಮೊನ್ನೇದು ಅಂತಾನೆ. ಆಗತ್ತೆ ಒಂದೊಂದ್ಸಲ.

ಅಲ್ಲಿ ಮೆಟ್ಟಿಲ ಮೇಲೆ ಕೂತಿದ್ದಾನೆ ನೋಡು. ಊಟ ಮುಟ್ಟಿಲ್ಲ. ಮೊಸರನ್ನ ಕಲಸಿ ಕೊಟ್ರೆ ತಟ್ಟೆ ತಿರುಗಿಸಿ ಗೋಡೆ ಕಡೆ ಇಟ್ಟ. ಇಪ್ಪತ್ತಾರು ವರ್ಷದಲ್ಲಿ ಮೊಸರನ್ನ ಬಿಟ್ಟಿದ್ದು ಇವತ್ತೇ.

ಬೃಂದಾಳ ಗುರುತಿನ ಕಾರ್ಡು ಅವನ ಚೀಲದಲ್ಲಿ ಸಿಕ್ತು. ಗೊತ್ತಲ್ಲ ನಿನಗೆ, ದಾರ ಕುತ್ತಿಗೆಗೆ ಚುಚ್ಚತ್ತೆ ಅಂತ ತೆಗೆದು ಅವನ ಚೀಲಕ್ಕೆ ತುರುಕ್ತಾಳೆ. ನೋಡಿದ್ರೆ ಮತ್ತೆ ಹಾಕಿಸ್ಬೇಕು ನಾವು. ನೋಡಿದ್ರೆ... ಹಿಂಬಾಗಿಲಿಂದ ಎಲ್ಲ ಕಾಣಲ್ಲ ರಮ್ಯ. ಅಷ್ಟು ಜನ. ಕಾಲಿಡೋಕೆ ಜಾಗ ಇರಲಿಲ್ಲ. ನಾನು ಕೂತಿದ್ದ ಕಡೆಯಿಂದ ಬರೀ ಬೆನ್ನುಗಳು.

ನಿಂತಿದ್ದ ಕಡೆಯಿಂದ. ನಿಂತಿದ್ದೆ ಅಂತಾನೇ ಹೇಳಿದ್ದು.

ನೀನು ಒಂದು ಮಾತಾಡು ನೋಡೋಣ. ಬೈಯಿ ಬೇಕಾದ್ರೆ. "ನಿನ್ನ ಪಾಳೀಲಿ ಕಳೆದ್ಯಲ್ಲ ಆಂಜನಕ್ಕ" ಅನ್ನು. ನಿಮ್ಮೆಜಮಾನ್ರು ಅಂದ್ರು, ಪೊಲೀಸರ ಎದುರೇ. ಅಂದಿದ್ದಕ್ಕೆ ಎಷ್ಟೋ ಹಗುರ ಆಯ್ತು. ನೀನು ಮಾತ್ರ ಆ ಫೋನ್ ಹಿಡ್ಕೊಂಡು...

ನಾನು ಯಾರು ನಿನಗೆ? ಹೇಳು. ಬೃಂದಾ ಹುಟ್ಟಿದ ಹದಿನೆಂಟನೇ ದಿನ ನಿನ್ನ ಮನೆಗೆ ಬಂದಿದ್ದೆ. ಡಾಕ್ಟರು ಡೌನ್ ಸಿಂಡ್ರೋಮ್ ಅಂದಿದ್ರು, ನೀನು ಗೋಡೆ ಕಡೆ ತಿರುಗಿ ಮಲಗಿದ್ದೆ. ನಿಮ್ಮತ್ತೆ ಬಾಗಿಲಿಗೆ ಅಡ್ಡ ನಿಂತು "ಯಾರ ಕಡೆಯವರು ನೀವು" ಅಂದ್ರು. "ಮಗುವಿನ ಕಡೆಯವಳು" ಅಂದೆ. ಅಂಥದ್ದೇ ಮಗು ನನ್ನದೂ, ಏಳು ವರ್ಷದ ಸೂರ್ಯನ ಕೈಹಿಡಿದು ಒಳಗೆ ಬಂದೆ. ಅವನು ಹೋಗಿ ನಿನ್ನ ಮಗಳ ಪಾದ ಎಣಿಸ್ದ. "ಎರಡು" ಅಂದ. ಆಮೇಲೆ ನೀನು ಎದ್ದು ಕೂತೆ.

ಹಾಗೆ ಎಷ್ಟು ಮನೆ. ಇಂಥ ಮಗು ಹುಟ್ಟಿದೆ ಅಂತ ಶಿವಾಜಿನಗರದ ಆಸ್ಪತ್ರೆಯಿಂದ ಫೋನ್ ಬಂದ್ರೆ ಮಾಡ್ತಿರೋ ಅಡುಗೆ ಇಳಿಸಿ ಹೋಗ್ತಿದ್ದೆ. ಹೃದಯ ಪರೀಕ್ಷೆ ಮಾಡ್ಸಿ, ಥೈರಾಯ್ಡ್ ನೋಡ್ಸಿ, ಅಂಗವಿಕಲರ ಕಾರ್ಡ್ ಮಾಡ್ಸಿ, ಶನಿವಾರ ಭವನಕ್ಕೆ ಬನ್ನಿ ಅಂತಿದ್ದೆ. ಮೂವತ್ತೊಂದು ಕುಟುಂಬ ಈಗ. ಮೊದಲು ನಾನು, ಆಂಜನಮ್ಮ, ಒಬ್ಬಳೇ ಇದ್ದೆ ಇಲ್ಲಿ. ಒಂದು ಚಾಪೆ, ಒಂದು ಚೆಂಡು.

ಹೊಗಳ್ಕೊಳ್ತಿಲ್ಲಮ್ಮ. ಯಾಕೆ ಹೇಳಿದೆ ಅಂದ್ರೆ... ಯಾಕೆ ಹೇಳಿದೆ?

ನೀನು ಆಗಲೇ ಮೆಟ್ಟಿಲ ಹತ್ರ ಹೋಗಿ ಸೂರ್ಯನ ಪಕ್ಕ ಕೂತಿದ್ದೆ. ಕಿಟಕಿಯಿಂದ ನೋಡ್ದೆ. ಹತ್ತು ನಿಮಿಷ ಕೂತಿದ್ದೆ. ಏನು ಹೇಳ್ದ?

ಹೇಳಬೇಡ. ಗೊತ್ತು. ಬೆಳಿಗ್ಗೆಯಿಂದ ಅದನ್ನೇ ಹೇಳ್ತಿದ್ದಾನೆ. ಕೇಂದ್ರದವರಿಗೆ ಹೇಳ್ದ, ಆದಿಲ್‌ಗೆ ಹೇಳ್ದ, ಪೊಲೀಸಮ್ಮನಿಗೆ ಹೇಳ್ದ. "ಬೃಂದಾ ಕಿಟಕಿ. ಬೃಂದಾ ನಿದ್ದೆ. ಬೃಂದಾ ಬಸ್ಸಲ್ಲಿ." ಮೂರೇ ಮಾತು. ಪ್ರತಿ ಸಲ ಅದೇ ಮೂರು, ಅದೇ ಸಾಲಲ್ಲಿ.

ನಿನಗೇ ಗೊತ್ತಲ್ಲ, ಅವಳಿಗೆ ಕೂತಲ್ಲೇ ನಿದ್ದೆ ಹತ್ತತ್ತೆ. ರಾತ್ರಿ ಉಸಿರು ಕಟ್ಟಿ ಸರಿಯಾಗಿ ಮಲಗಲ್ಲ, ಹಗಲು ತೂಗ್ತಾಳೆ. ಅವನು ಎಬ್ಬಿಸಿದ್ದಾನೆ. ಎದ್ದಿಲ್ಲ. ಸ್ಟಾಪ್ ಬಂತು, ಇಳಿದ. ನಿನ್ನ ಸ್ಟಾಪ್ ಬಂದ್ರೆ ಇಳಿಬೇಕು, ಯಾರಿಗೂ ಕಾಯಬಾರದು. ಹೇಳ್ಕೊಟ್ಟಿದ್ದು ನಾವೇ ತಾನೆ? ಎರಡು ತಿಂಗಳು ದಿನಾ ಬಾಯಿಪಾಠ ಮಾಡ್ಸಿದ್ದೀವಿ. ಅವನು ಕಲಿತದ್ದನ್ನ ಮಾಡ್ದ. ಅವಳನ್ನ ಎಬ್ಬಿಸಿ ಇಳಿಸೋಕೆ ಹಿಂದೆ ಒಬ್ಬರು ಇರ್ತಾರಲ್ಲ. ಅದಕ್ಕೇ ತಾನೆ ನೆರಳು ಅನ್ನೋದು.

...

ಯಾಕೆ ನಗ್ತೀಯ ರಮ್ಯ? ಹಾಗೆ ನಗಬೇಡ. ಬೈಯಿ, ಆದ್ರೆ ಹಾಗೆ ನಗಬೇಡ.

ಸರಿ. ನೀನು ಕೇಳಲ್ಲ. ನಾನು ಹೇಳಲಿ ಅಂತ ಕಾಯ್ತಿದ್ದೀಯ. ಅವನು ಹೇಳಿದ್ದನ್ನ ಆಗಲೇ ನಂಬಿದ್ದೀಯ ನೀನು. ಆದ್ರೆ ನೀನು ನಂಬಿ ಏನು ಮಾಡೋದು, ಪೊಲೀಸರು ಬರ್ಕೊಂಡಿರೋದು ನನ್ನ ಮಾತು. ಕೆಳಗೆ ನನ್ನ ಸಹಿ.

ನಾನು ಬಸ್ ಹತ್ತಲಿಲ್ಲ.

ಇವತ್ತಲ್ಲ... ಇವತ್ತೂ. ನಾಲ್ಕು ವಾರ ಆಯ್ತು. ಮೊದಲ ಸಲ ನಿಜವಾಗಿ ಹಿಂಬಾಗಿಲಲ್ಲಿ ಜಾಗ ಇರಲಿಲ್ಲ, ಬಸ್ ಹೊರಟುಹೋಯ್ತು. ಹೆದರಿ ಸತ್ತೆ. ಅರ್ಧ ಗಂಟೆಗೆ ಕೇಂದ್ರದಿಂದ ಮೆಸೇಜ್ ಬಂತು, ಇಬ್ಬರೂ ಬಂದ್ರು ಅಂತ. ಸ್ಟಾಪ್ ಎದುರಿಗೆ ಹೋಟೆಲ್ ಇದೆಯಲ್ಲ. ಒಳಗೆ ಹೋಗಿ ಕೂತೆ. ದೋಸೆ ತಂದಿಟ್ಟ. ಬಿಸಿ ದೋಸೆ ರಮ್ಯ. ಸೂರ್ಯನ ಗಂಟಲು ಸಣ್ಣದು, ತುತ್ತು ಸಿಕ್ಕಿಹಾಕ್ಕೊಳ್ಳತ್ತೆ ಅಂತ ಇಪ್ಪತ್ತಾರು ವರ್ಷ ಅವನ ಬಾಯಿ ನೋಡ್ಕೊಂಡೇ ತಿಂದವಳು ನಾನು. ನನ್ನ ತಟ್ಟೆ ಬಿಸಿ ಇದ್ದದ್ದೇ ನೆನಪಿಲ್ಲ. ಆವತ್ತು ಎದುರಿಗೆ ಯಾರೂ ಇರಲಿಲ್ಲ. ಯಾರ ಗಂಟಲೂ ಇರಲಿಲ್ಲ.

ಆಮೇಲೆ ಪ್ರತಿ ಸೋಮವಾರ, ಪ್ರತಿ ಬುಧವಾರ. ಹತ್ತಿಸೋದು, ಕೈ ಬೀಸೋದು, ರಸ್ತೆ ದಾಟೋದು. ಆದಿಲ್‌ನ ಹಾಳೇಲಿ ಟಿಕ್ ಹಾಕೋದು. "ಸ್ವತಃ ಇಳಿದರು", ಟಿಕ್. "ಕಾರ್ಡ್ ಹಾಕಿದ್ದರು", ಟಿಕ್. ಆ ಹಾಳೆ ನೋಡೇ ಅವನು ನಿನಗೂ ಹೇಳಿದ್ದು, ಇಬ್ಬರೂ ತಯಾರಾಗಿದ್ದಾರೆ, ಮುಂದಿನ ತಿಂಗಳು ನೆರಳೂ ಬೇಡ ಅಂತ. ನೀನು ಸ್ವೀಟ್ ಹಂಚಿದ್ದೆ.

ಇವತ್ತು ಕೇಂದ್ರದಿಂದ ಫೋನ್ ಬಂದಾಗ ಒಂಬತ್ತು ಐವತ್ತು. ನನ್ನ ಕೈ ಚಟ್ನೀಲಿತ್ತು. "ಬೃಂದಾ ಬಂದಿಲ್ಲ, ಸೂರ್ಯ ಬಸ್ಸಲ್ಲಿ ಅಂತಾನೆ" ಅಂದ್ರು. "ಇಲ್ಲ, ಇಬ್ಬರೂ ಇಳಿದ್ರು, ನಾನೇ ನೋಡ್ದೆ" ಅಂದೆ. ಯೋಚನೆ ಮಾಡಿ ಅಂದಿದ್ದಲ್ಲ. ಬಾಯಿಂದ ಬಂದ್ಬಿಡ್ತು. ಅಲ್ಲೇ ಎಲ್ಲೋ ಇರ್ತಾಳೆ, ಹತ್ತು ನಿಮಿಷಕ್ಕೆ ಸಿಗ್ತಾಳೆ ಅಂದ್ಕೊಂಡೆ. ಹತ್ತು ನಿಮಿಷ ಆಯ್ತು. ಆಮೇಲೆ ಪೊಲೀಸಮ್ಮ ಬಂದ್ರು. ಆಮೇಲೆ ಬದಲಾಯಿಸೋದು ಹೇಗೆ? ಮೂವತ್ತೊಂದು ಮನೆಯವರಿಗೆ ಏನಂತ ಹೇಳ್ಲಿ, ದೋಸೆ ತಿಂತಿದ್ದೆ ಅಂತಾನಾ?

ನೀನು ಲೆಕ್ಕ ಹಾಕ್ತಿದ್ದೀಯ. ಹಾಕು. ನಾನು ಆಗಲೇ ಹಾಕಿದ್ದೀನಿ. ಆಗ ನಿಜ ಹೇಳಿದ್ದಿದ್ರೆ ಬಸ್ ಇನ್ನೂ ಟಿನ್ ಫ್ಯಾಕ್ಟರಿ ಸ್ಟಾಪ್ ದಾಟಿರ್ತಿರಲಿಲ್ಲ. ಕಂಡಕ್ಟರ್‌ಗೆ ಒಂದು ಫೋನ್ ಸಾಕಿತ್ತು. ಈಗ ಅದು ಕೊನೇ ಸ್ಟಾಪ್ ಕೆ.ಆರ್. ಪುರಂಗೆ ಹೋಗಿ ಖಾಲಿಯಾಗಿ, ಎಷ್ಟು ಸಲ ತಿರುಗಿದೆಯೋ. ಅಲ್ಲಿ ಇಳಿಸಿದ್ರೆ ರೈಲ್ವೆ ಸ್ಟೇಷನ್ನು, ಸೇತುವೆ, ಸಂತೆ ಜನ. ಕುತ್ತಿಗೇಲಿ ಕಾರ್ಡಿಲ್ಲ. ಹೆಸರು ಕೇಳಿದ್ರೆ ಅವಳು "ಬಿಂದಾ" ಅಂತಾಳೆ, ಅಷ್ಟೇ.

ಸೂರ್ಯ ಗೊಂದಲದವನು ಅಂದೆ ಪೊಲೀಸರಿಗೆ. ನನ್ನ ಬಾಯಿಂದಲೇ. ಪ್ರತಿ ಶನಿವಾರ ಹೊಸ ತಾಯಂದಿರನ್ನ ಕೂರಿಸ್ಕೊಂಡು ನಾನು ಮೊದಲು ಹೇಳೋದು ಏನು? ಮಕ್ಕಳು ಹೇಳಿದ್ದನ್ನ ನೀವು ನಂಬದಿದ್ರೆ ಊರಲ್ಲಿ ಯಾರೂ ನಂಬಲ್ಲ ಅಂತ. ಅವನು ಪಕ್ಕದಲ್ಲೇ ನಿಂತು ಕೇಳಿಸ್ಕೊಂಡ. ನನ್ನ ಮುಖ ನೋಡ್ದ. ಆಮೇಲೆ ಹೋಗಿ ಮೆಟ್ಟಿಲ ಮೇಲೆ ಕೂತ.

ಫೋನ್ ಮಾಡು. ಮೊದಲು ಆದಿಲ್‌ಗೆ ಮಾಡು, ನನಗೆ ಅನ್ನೋದನ್ನ ಆಮೇಲೆ ಅನ್ನು. ಆ ಗಲ್ಲಿ ಬಿಟ್ಟು ಕೆ.ಆರ್. ಪುರಂಗೆ ಓಡಿ ಅನ್ನು. ಡಿಪೋಗೆ ಕೇಳಿ, ಒಂಬತ್ತೂಕಾಲಿಗೆ ಹಲಸೂರು ಬಿಟ್ಟ ಬಸ್ಸು, ಹೆಂಗಸು ಕಂಡಕ್ಟರ್ ಅನ್ನು.

ಎಲ್ಲಿಗೆ ಎದ್ದೆ? ಕೆ.ಆರ್. ಪುರಂಗೇನಾ... ನಾನೂ ಬರ್ತೀನಿ, ಒಂದು ನಿಮಿಷ.

ಬೇಡ್ವಾ.

ಆಯ್ತು. ಸೂರ್ಯನ್ನಾದ್ರೂ ಕರ್ಕೊಂಡು ಹೋಗು. ನಾನು ಕರೆದ್ರೆ ಏಳಲ್ಲ, ನೀನು ಕರೆದ್ರೆ ಬರ್ತಾನೆ. ಯಾವ ಸೀಟು, ಕಂಡಕ್ಟರ್ ಮುಖ ಹೇಗಿತ್ತು, ಪಕ್ಕದಲ್ಲಿ ಯಾರಿದ್ರು, ಎಲ್ಲ ಗೊತ್ತು ಅವನಿಗೆ. ಪೊಲೀಸಮ್ಮ ನಾನು ಕೊಟ್ಟ ಹೇಳಿಕೆ ತೆಗೆದ್ರೆ, ಅದನ್ನ ಹೊಡೆದುಹಾಕಿ ಇವನು ಹೇಳೋದನ್ನ ಬರ್ಕೊಳ್ಳಿ ಅನ್ನು. ಇವನು ತಪ್ಪು ಹೇಳೋನಲ್ಲ ಅನ್ನು. ಅವರಮ್ಮನೇ ಹೇಳಿ ಕಳಿಸಿದ್ಲು ಅನ್ನು.