ಚಪಾತಿ ಹಿಟ್ಟಿನ ಅಚ್ಚು

ಇಲ್ಲ ಸಾರ್, ಪಿಸ್ತೂಲಿನ ಗ್ರಿಪ್ ಚಿಕ್ಕದಾಗಿ ಕೆತ್ತಿಲ್ಲ! ಮರ ಕುಗ್ಗಿದೆ, ಅಷ್ಟೇ... ಯಾಕೆ ನಗ್ತೀರಾ? ಮಾಸ್ಕ್ ಹಾಕ್ಕೊಂಡಿದ್ರೆ ಕಾಣಲ್ಲ ಅಂದ್ಕೋಬೇಡಿ, ಕಣ್ಣಲ್ಲೇ ಗೊತ್ತಾಗುತ್ತೆ. ಆಯ್ತು, ಐರ್ಲೆಂಡಿನ ಈ ಗಾಲ್ವೇ ಮಳೇಲಿ ಮರ ಉಬ್ಬುತ್ತೆ, ಒಪ್ಪಿದೆ. ಹೊರಗಿಟ್ರೆ ಉಬ್ಬುತ್ತೆ. ನಾನು ರೇಡಿಯೇಟರ್ ಪಕ್ಕ ಇಟ್ಟಿದ್ದೆ. ರೇಡಿಯೇಟರ್ ಪಕ್ಕ ಇಟ್ರೆ ಏನು ಬೇಕಾದ್ರೂ ಕುಗ್ಗುತ್ತೆ ಸಾರ್. ನನ್ನ ಸ್ವೆಟರ್ ತಂದು ತೋರಿಸ್ಲಾ?

ಅಯ್ಯೋ, ಕಾಂಪೌಂಡ್ ಗೋಡೆ ದಾಟ್ಬೇಡಿ! ಅಲ್ಲೇ ಇರಿ. ಎರಡು ಮೀಟರ್. ಎದುರುಮನೆ ಅಜ್ಜಿ ಪರದೆ ಸಂದಿಯಿಂದ ನೋಡ್ತಾನೇ ಇದಾರೆ. ಮಾರ್ಚ್‌ನಿಂದ ಆಕೆಗೆ ಬೇರೆ ಕೆಲಸ ಇಲ್ಲ, ಯಾರ ಮನೆಗೆ ಯಾರು ಬಂದ್ರು ಅಂತ ಎಣಿಸೋದೇ. ನೀವು ಓರನ್‌ಮೋರ್‌ನಿಂದ ಕ್ಲಬ್ ಸೆಕ್ರೆಟರಿಯಾಗಿ ಇಷ್ಟು ದೂರ ಬಂದಿದೀರಾ, ಒಳಗೆ ಕರೆಯೋಕಾಗಲ್ಲ, ಒಂದು ಕುರ್ಚಿ ಹಾಕೋಕಾಗಲ್ಲ... ಏನು ಕಾಲ ಬಂತಪ್ಪಾ.

ಸ್ವಲ್ಪ ಮೆಲ್ಲಗೆ ಮಾತಾಡೋಣ. ಆಂ? ಮಾತಾಡ್ತಾ ಇರೋನು ನಾನೊಬ್ನೇನಾ? ಹೌದು, ಹೌದು, ನಾನೇ ಜೋರು. ನನ್ನ ಹೆಂಡ್ತಿ ಕುಲ್ಸುಮ್ ಮಲಗಿದಾಳೆ, ಅದಕ್ಕೇ ಅಂದೆ. ಬೆಳಗಿನ ಶಿಫ್ಟ್ ಮುಗಿಸಿ ಬಂದಳು, ಊಟ ಮಾಡಿ ಹಾಗೇ ಒರಗಿದಳು. ಪಾಪ, ಎಬ್ಬಿಸೋದು ಬೇಡ. ಏನಿದ್ರೂ ನಾವು ನಾವೇ ಮುಗಿಸ್ಕೊಳ್ಳೋಣ. ನೀವು ಗ್ರಿಪ್ ಅಳೆದ್ರಿ, ಅಳತೆ ಸರಿ ಇದೆ, ಟೀಮ್ ಫಾರ್ಮ್ ಮೇಲೆ ಒಂದು ಟಿಕ್ ಹಾಕಿ ಬಿಡಿ. ಶನಿವಾರ ಫೈನಲ್. ಶೂಟಿಂಗ್ ಕ್ಲಬ್ ಟೀಮಿಗೆ ನಾಲ್ಕೇ ಜನ, ಅದರಲ್ಲಿ ನಂದೊಂದು ಹೆಸರು... ಎಂಟು ವರ್ಷ ಸಾರ್! ಎಂಟು ವರ್ಷದಿಂದ ಕಾಯ್ತಾ ಇದೀನಿ ಆ ನಾಲ್ಕರಲ್ಲಿ ಒಬ್ಬ ಆಗೋಕೆ.

ಹಿಡಿದು ತೋರಿಸ್ಬೇಕಾ? ಈಗ್ಲೇನಾ? ಪಿಸ್ತೂಲು ಸೇಫ್‌ನಲ್ಲಿದೆ ಸಾರ್, ಬೀದೀಲಿ ತೆಗೆಯೋ ಹಾಗಿಲ್ಲ, ಗಾರ್ಡಾ ಪೊಲೀಸ್ ಬಂದ್ರೆ ಲೈಸೆನ್ಸ್ ಹೋಗುತ್ತೆ... ಓ, ಬರೀ ಗ್ರಿಪ್ ಹಿಡಿದು ತೋರಿಸ್ಬೇಕಾ. ಗೋಡೆ ಮೇಲಿಡಿ, ತಗೋತೀನಿ. ನೋಡಿ... ಹಿಂಗೆ. ಕಿರುಬೆರಳು ಸ್ವಲ್ಪ ಆಚೆ ಉಳೀತು, ಅಷ್ಟೇ. ಚಳಿಗೆ ಬೆರಳು ಊದಿಕೊಂಡಿವೆ. ಇಲ್ಲಿನೋರು ಅನ್ನೋ ಹಾಗೆ ಗ್ರ್ಯಾಂಡ್ ಆಗಿ ಕೂತಿದೆ, ಅಲ್ವಾ? ಇಲ್ವಾ? ತಗೊಳ್ಳಿ, ವಾಪಸ್ ಇಟ್ಟೆ, ನೀವೇ ಇನ್ನೊಂದ್ಸಲ ನೋಡಿ.

ಅಲ್ಲ, ನನ್ನ ಮೇಲೇ ಅನುಮಾನನಾ? ನನ್ನ ಕೆಲಸ ಏನು ಹೇಳಿ. ಪಾರ್ಕ್‌ಮೋರ್‌ನಲ್ಲಿ ಒಂದು ಕಾರ್ಖಾನೇಲಿ ಕ್ವಾಲಿಟಿ ದಾಖಲೆ ನೋಡೋದು. ಹೃದಯಕ್ಕೆ ಹಾಕೋ ನಳಿಗೆ ಮಾಡ್ತಾರಲ್ಲ, ಒಂದೊಂದು ಹಂತಕ್ಕೂ ಒಂದೊಂದು ಸೈನ್. ಯಾರು ಕೈಯಿಂದ ಮಾಡಿದ್ರೋ ಅವರೇ ಸೈನ್ ಹಾಕ್ಬೇಕು. ಮಾಡಿದೋರು ಒಬ್ರು, ಸೈನ್ ಇನ್ನೊಬ್ರದು ಅಂತ ಕಂಡ್ರೆ ಇಡೀ ಬ್ಯಾಚ್ ಕಸದ ಬುಟ್ಟಿಗೆ! ಹೋದ ವರ್ಷ ಒಬ್ಬ ಹುಡುಗನಿಗೆ ಅದೇ ವಿಷಯಕ್ಕೆ ಅರ್ಧ ಗಂಟೆ ಬೈದಿದೀನಿ, ಪಾಪ ಅತ್ತೇ ಬಿಟ್ಟ. ಅಂಥ ನಾನು...

ಏನದು? ಸ್ಕೋರ್ ಶೀಟಾ? ತಂದೇ ಇದೀರಾ... ಕಾಣುತ್ತೆ, ಇಲ್ಲಿಂದ್ಲೇ ಕಾಣುತ್ತೆ. ಎಂಬತ್ಮೂರು, ಎಂಬತ್ತೈದು. ಮೊದಲೆರಡು ವಾರ. ಆಮೇಲೆ ತೊಂಬತ್ನಾಲ್ಕು, ತೊಂಬತ್ತೈದು, ತೊಂಬತ್ತೇಳು, ತೊಂಬತ್ತಾರು. ನೂರಕ್ಕೆ! ಹೌದು, ಏರಿದೆ. ಮನುಷ್ಯ ಏರಬಾರ್ದಾ? ಲಾಕ್‌ಡೌನ್‌ನಲ್ಲಿ ಎಲ್ರೂ ಬಾಳೆಹಣ್ಣಿನ ಕೇಕ್ ಮಾಡ್ಕೊಂಡು ಕೂತಿದ್ರು, ನಾನು ಅಭ್ಯಾಸ ಮಾಡಿದೆ. ಗೋಡೆ ಮೇಲೆ ಚುಕ್ಕಿ ಇಟ್ಕೊಂಡು ದಿನಾ ಇನ್ನೂರು ಸಲ ಖಾಲಿ ಪಿಸ್ತೂಲು ಒತ್ತಿದೀನಿ. ಗುಂಡುಗಳನ್ನ ಒಂದೊಂದಾಗಿ ತೂಕ ಹಾಕಿದೀನಿ! ಅಮೆರಿಕದಲ್ಲಿ ಅಡುಗೆಮನೇಲೇ ತೋಟಾ ತುಂಬ್ಕೋತಾರಂತೆ, ಇಲ್ಲಿ ಅದೆಲ್ಲಾ ನಡೆಯಲ್ಲ, ನಮ್ದು ಗಾಳಿ ಪಿಸ್ತೂಲು, ಡಬ್ಬೀಲಿ ಬಂದ ಸೀಸದ ಗುಂಡೇ ಗತಿ. ಅದನ್ನೇ ಚಿಮಟದಲ್ಲಿ ಎತ್ತಿ, ತೂಗಿ, ಸಮ ಇರೋದನ್ನ ಒಂದು ಕಡೆ, ಹೆಚ್ಚುಕಮ್ಮಿ ಇರೋದನ್ನ ಇನ್ನೊಂದು ಕಡೆ... ಎಲ್ಲಿ ಇಟ್ಟಿದ್ದೆ ಅಂತೀರಾ? ಕುಲ್ಸುಮ್ ಮಸಾಲೆ ಡಬ್ಬೀಲಿ. ಜೀರಿಗೆ ಬಟ್ಟಲಲ್ಲಿ ಸಮ ಇರೋದು, ಸಾಸಿವೆ ಬಟ್ಟಲಲ್ಲಿ ಮಿಕ್ಕಿದ್ದು. ಅಬ್ಬಬ್ಬಾ! "ಸೀಸ ತಿನ್ನಿಸಿ ಸಾಯಿಸ್ತೀರಾ ನಮ್ಮನ್ನ?" ಅಂತ ಡಬ್ಬೀನೇ ಹೊರಗೆಸೆದಳು. ಹೊಸದು ತಂದ್ಕೊಡ್ಬೇಕಾಯ್ತು.

ನಗಿ, ನಗಿ. ಈಗಾದ್ರೂ ಬಾಯ್ಬಿಟ್ಟು ನಕ್ರಲ್ಲ.

ಯಾರೂ ನೋಡಿಲ್ಲ ಅಂದ್ರೆ ಅದು ನನ್ನ ತಪ್ಪಾ? ಕೊರೊನಾ ಅಂತ ನಿಯಮ ಮಾಡಿದೋರು ನೀವೇ. ರೇಂಜಿಗೆ ಒಂದು ಗಂಟೆಗೆ ಒಂದೇ ಮನೆಯೋರು. ಪಕ್ಕದಲ್ಲಿ ಯಾರೂ ನಿಲ್ಲಬಾರ್ದು. ಹತ್ತು ಗುಂಡು ಹೊಡೆದು ಕಾರ್ಡನ್ನ ಪೆಟ್ಟಿಗೆಗೆ ಹಾಕಿ ಹೋಗೋದು. ಪೆನ್ ಕೂಡ ಒಬ್ರದ್ದು ಒಬ್ರು ಮುಟ್ಬಾರ್ದು, ಆರು ವಾರದ್ದೂ ಆರು ಕಾರ್ಡಿಗೆ ಮನೇಲೇ ಹೆಸರು ಬರ್ಕೊಂಡು ಬನ್ನಿ ಅಂತ ಮೆಸೇಜ್ ಹಾಕಿದೋರು ನೀವೇ ಅಲ್ವಾ? ಬರ್ಕೊಂಡು ಬಂದೆ. ಮಜರ್, ಮಜರ್, ಮಜರ್... ಆರು ಸಲ. ಹೇಳಿದ ಹಾಗೇ ಮಾಡಿದೀನಿ ಸಾರ್.

ಕುಲ್ಸುಮ್ ಬರ್ತಿದ್ಳು, ಹೌದು. ಅವಳೂ ಮೆಂಬರ್ರೇ. ಜನವರೀಲಿ ನೀವೇ ಫಾರ್ಮ್ ತುಂಬಿಸಿದ್ರಿ, ಫ್ಯಾಮಿಲಿ ಮೆಂಬರ್‌ಶಿಪ್ ಅಂತ. ಸುಮ್ನೆ ಹಿಂದೆ ಕುರ್ಚಿ ಹಾಕ್ಕೊಂಡು ಕೂರೋಳು. ಅವಳಿಗೇನು ಗೊತ್ತಾಗುತ್ತೆ ಇದೆಲ್ಲಾ.

ಗ್ರಿಪ್ ಸಾರ್! ಗ್ರಿಪ್ಪಿಂದ್ಲೇ ಸ್ಕೋರ್ ಏರಿದ್ದು. ಅಂಗಡಿ ಗ್ರಿಪ್ ಅಂದ್ರೆ ಎಲ್ಲಾ ಕೈಗೂ ಆಗುತ್ತೆ, ಅಂದ್ರೆ ಯಾವ ಕೈಗೂ ಸರಿಯಾಗಲ್ಲ. ನೀವೇ ಹೇಳಿದ್ದು. ಮೈಸೂರಲ್ಲಿ ಎನ್‌ಸಿಸಿ ಕಾಲದಿಂದ ಬಂದೂಕು ಹಿಡಿದೋರು ನೀವು, "ಗ್ರಿಪ್ ನೋಡಿದ್ರೆ ಕೈ ಯಾರದು ಅಂತ ಹೇಳ್ತೀನಿ" ಅಂತಿದ್ರಿ... ಅಂತಿದ್ರಿ. ಸರಿ. ಅದಕ್ಕೇ ನಾನೇ ಕೆತ್ತಿದೆ. ವಾಲ್ನಟ್ ಮರದ ತುಂಡು. ಅಚ್ಚು ಹೇಗೆ ತೆಗೆದೆ ಹೇಳಿ ನೋಡೋಣ? ಚಪಾತಿ ಹಿಟ್ಟಲ್ಲಿ! ಅಂಗಡಿಯೆಲ್ಲಾ ಮುಚ್ಚಿತ್ತು, ಜೇಡಿಮಣ್ಣು ಎಲ್ಲಿಂದ ತರೋದು? ಹಿಟ್ಟು ಕಲಸಿದ್ಳು, ಗಟ್ಟಿ ಉಂಡೆ ಮಾಡಿ ಮುಷ್ಟೀಲಿ ಅದುಮಿ ಹಿಡಿದ್ರೆ ಬೆರಳು ಬೆರಳೂ ಮೂಡುತ್ತೆ, ಕೈ ರೇಖೆ ಸಮೇತ. ಅದನ್ನ ಒಣಗಿಸಿ, ಅದನ್ನೇ ಮುಂದಿಟ್ಕೊಂಡು ಎರಡು ವಾರ ಅರದಲ್ಲಿ ಉಜ್ಜಿದೀನಿ. ತಿಂಡಿ ತಿಂತಾ ಉಜ್ಜಿದೀನಿ, ಝೂಮ್ ಮೀಟಿಂಗ್‌ನಲ್ಲಿ ಕ್ಯಾಮೆರಾ ಆಫ್ ಮಾಡಿ ಉಜ್ಜಿದೀನಿ.

ಯಾರು ಅದುಮಿದ್ದು ಅಂದ್ರೆ? ನಾನೇ! ಹಿಟ್ಟು ಕಲಸಿದ್ದು ಅವಳು, ಅದುಮಿದ್ದು... ಬೆರಳು ಮುಂದೆ ಮಾಡಿ ಏನ್ ತೋರಿಸ್ತಿದೀರಾ? ಎಲ್ಲಿ?

ಅದಾ. ಉಂಗುರದ ಬೆರಳಿನ ಜಾಗದಲ್ಲಿ ಒಂದು ಗೀರು. ಅದು... ಗಾಳಿ ಆಡೋಕೆ ಸಾರ್. ಬೆವರು. ಅಂಗೈ ಬೆವರಿದ್ರೆ ಜಾರುತ್ತಲ್ಲ, ಅದಕ್ಕೆ ಒಂದು ಕಾಲುವೆ ಥರ. ಹೌದು, ಡಿಸೆಂಬರು. ಹೌದು, ನಾಲ್ಕು ಡಿಗ್ರಿ. ನಂಗೆ ಬೆವರುತ್ತೆ ಸಾರ್, ಏನ್ ಮಾಡ್ಲಿ! ಈಗ್ಲೂ ಬೆವರ್ತಾ ಇದೆ, ನೋಡಿ ಬೇಕಾದ್ರೆ.

ಅಷ್ಟು ಹತ್ರ ಹಿಡ್ಕೊಂಡು ಏನು ನೋಡೋದಿದೆ ಅದರಲ್ಲಿ... ಕೊಡಿ ಇತ್ಲಾಗೆ. ಮಳೆ ಬರೋ ಹಾಗಿದೆ. ನೀವೂ ಹೊರಡಿ, ದಾರಿ ದೂರ. ಟಿಕ್ ಹಾಕಿದ್ರಾ?

ಅಯ್ಯೋ... ಎದ್ದೇಬಿಟ್ಟೆಯಾ? ಮಲಗು ಅಂದ್ರೆ... ಚಹಾ ಯಾಕೆ ಈಗ? ಸಾರ್ ಹೊರಟಿದಾರೆ. ಇಲ್ಲ, ಬಿಸಿ ಇದ್ರೂ ಕುಡಿಯಲ್ಲ ಅವರು, ಮಾಸ್ಕ್ ತೆಗೀಬೇಕಾಗುತ್ತೆ... ಕೊಡು, ನಾನೇ ಕೊಡ್ತೀನಿ. ಕುಲ್ಸುಮ್, ನನ್ನ ಕೈಗೆ ಕೊಡು ಅಂದೆ! ...ಸರಿ. ಗೋಡೆ ಮೇಲಿಟ್ಟಾಯ್ತಲ್ಲ. ಹೋಗು ಒಳಗೆ, ಚಳಿ.

ಕುಡೀರಿ ಸಾರ್. ಶುಂಠಿ ಹಾಕಿದಾಳೆ.

ಸಾರ್?

ಯಾಕೆ ಅವಳ ಕೈಯನ್ನೇ ನೋಡ್ತಿದ್ರಿ? ಅದು ಅವರಮ್ಮ ಕೊಟ್ಟ ಉಂಗುರ. ಬಲಗೈಯಿಂದ ಯಾವತ್ತೂ ತೆಗೆಯಲ್ಲ. ಕಾರ್ಖಾನೇಲಿ ಮಾತ್ರ, ಶಿಫ್ಟಿಗೆ ಹೋಗುವಾಗ ಬಿಚ್ಚಿಟ್ಟು, ಬಂದ ತಕ್ಷಣ... ಹೌದು, ಬೆಳ್ಳಿ. ಅಗಲ... ಸ್ವಲ್ಪ ಅಗಲವೇ.

ಬೈಯೋದಾದ್ರೆ ಬೈರಿ.

ನನ್ನ ಕೈಲಿ ಉಂಗುರ ಇಲ್ಲ. ಗೊತ್ತು. ನೋಡಿದೀರಾ. ಮೊದಲೇ ನೋಡಿದ್ರಿ ಅಲ್ವಾ, ನಾನು ಹಿಡಿದಾಗ್ಲೇ?

ಮೂರನೇ ವಾರ ಸಾರ್. ಪ್ರಾಕ್ಟೀಸಲ್ಲಿ ಏಳು, ಎಂಟು, ಏಳು ಬೀಳ್ತಾ ಇತ್ತು ನಂಗೆ. ಹಿಂದಿಂದ ಅವಳು, "ರೀ, ನೀವು ಉಸಿರು ನಿಲ್ಲಿಸೋಕೆ ಮುಂಚೆನೇ ಒತ್ತಿಬಿಡ್ತೀರಾ" ಅಂದಳು. ಮೈ ಉರೀತು. ಹೊಸ ಕಾರ್ಡ್ ಹಾಕಿ "ಹಂಗಾದ್ರೆ ನೀನೇ ಹೊಡಿ" ಅಂತ ಕೊಟ್ಟೆ. ಹೊಡೆದಳು! ದಿನಾ ಎಂಟು ಗಂಟೆ ಸೂಕ್ಷ್ಮದರ್ಶಕದ ಕೆಳಗೆ ಕೂದಲಂಥ ತಂತಿ ಪೋಣಿಸೋಳು ಸಾರ್ ಅವಳು, ಉಸಿರು ಬಿಗಿ ಹಿಡಿಯೋದು ಅವಳಿಗೆ ಯಾರೂ ಕಲಿಸ್ಬೇಕಾಗಿಲ್ಲ. ಹತ್ತು ಗುಂಡು, ತೊಂಬತ್ನಾಲ್ಕು. ಕಾರ್ಡ್ ಮೇಲೆ ಮೊದಲೇ ನನ್ನ ಹೆಸರಿತ್ತು. ಹಾಕ್ಬಿಟ್ಟೆ ಪೆಟ್ಟಿಗೆಗೆ. ಒಂದು ಕ್ಷಣ... ಆ ಹೆಸರಿನ ಕೆಳಗೆ ಆ ನಂಬರ್ ಎಷ್ಟು ಚೆನ್ನಾಗಿ ಕಾಣ್ತಿತ್ತು ಗೊತ್ತಾ?

ಅವಳಿಗೆ ಗೊತ್ತಿಲ್ಲ. ಪ್ರಾಕ್ಟೀಸ್ ಕಾರ್ಡು, ಹರಿದು ಹಾಕಿದೆ ಅಂದಿದೀನಿ. ಗ್ರಿಪ್ಪೂ ಅಷ್ಟೇ. ಉಂಡೆ ಕೊಟ್ಟು "ಸುಮ್ನೆ ಅದುಮು" ಅಂದೆ. ಅವಳ ಕೈಯಳತೆಗೆ ಎರಡು ವಾರ ಉಜ್ಜಿ, ಐದು, ಆರನೇ ಕಾರ್ಡು ಅದರಲ್ಲೇ ಹೊಡೆಸಿದೀನಿ, "ನಿಂಗೆ ಸಲೀಸಾಗ್ಲಿ ಅಂತ ಮಾಡಿದೆ" ಅಂತ ಹೇಳಿ. ಅವಳು ಆವತ್ತು ಎಷ್ಟು ಖುಷಿ ಪಟ್ಟಳು ಸಾರ್... ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ ನನ್ನ ಕೈಯಾರೆ ಮಾಡಿಕೊಟ್ಟ ಒಂದೇ ಒಂದು ವಸ್ತು ಅದು. ನಾಚಿಕೆ ಆಗುತ್ತೆ. ಶನಿವಾರ ಹೊಟ್ಟೆನೋವು ಅಂತ ಮಲಗಿಬಿಡೋಣ ಅಂತಿದ್ದೆ. ನಿಜ ಹೇಳ್ತೀನಿ, ಅಷ್ಟೇ ಪ್ಲಾನು.

ಏನಿದು, ಟೀಮ್ ಫಾರ್ಮಾ? ಗೋಡೆ ಮೇಲೆ ಯಾಕಿಟ್ರಿ? ಪೆನ್ನೂ... ಅದು ನಿಮ್ದು ಸಾರ್, ನಾನು ಮುಟ್ಟೋ ಹಾಗಿಲ್ಲ. ಮುಟ್ಲಾ? ನಾನೇ ಹೊಡೆದುಹಾಕ್ಲಾ ನನ್ನ ಹೆಸರು?

...ಆಯ್ತು. ಹೊಡೆದೆ. ಅವಳ ಹೆಸರನ್ನೂ ನಾನೇ... ಬೇಡ್ವಾ? ಯಾಕೆ ತಲೆ ಅಲ್ಲಾಡಿಸ್ತೀರಾ?

ಹೂಂ. ಯಾರು ಕೈಯಿಂದ ಮಾಡಿದ್ರೋ ಅವರೇ. ಸರಿ.

ಕುಲ್ಸುಮ್... ಬಾಗಿಲಲ್ಲೇ ನಿಂತು ಎಲ್ಲಾ ಕೇಳಿಸ್ಕೊಂಡೆಯಾ? ಒಳಗೆ ಹೋಗ್ಬೇಡ, ಬಾ ಇಲ್ಲಿ. ಕೋಪ ಮಾಡ್ಕೋ, ಆಮೇಲೆ ಎಷ್ಟು ಬೇಕಾದ್ರೂ ಮಾಡ್ಕೋ. ಮೊದಲು ಇದೊಂದು ಹೇಳು... ಶನಿವಾರ ನಿಂಗೆ ಶಿಫ್ಟ್ ಇದೆಯಾ?