ಬರೇ ತುಟಿ ಅಲ್ಲಾಡಿಸಿದ ಮಗ್ಗಿ

…ಅಲ್ಲ, ಮನೋಳಿ ಸಾಲಿಗೆ ನಾನು ಮಾಸ್ತರಾಗಿ ಹೋಗಿದ್ದು ಜರ್ಮನ್ ಯುದ್ಧ ನಡದಾಗ, ಮುಗದ ಮ್ಯಾಲ ಅಲ್ಲ, ನಿಮ್ಮಜ್ಜಿ ತಪ್ಪು ಹೇಳತಾಳ. ಪುಣೆ ಕಾಲೇಜಿನಾಗ ಗಣಿತದಾಗ ಎರಡ ಸಲ ನಾಪಾಸಾಗಿ, ಅಪ್ಪನ ಮುಂದ ನಿಂದ್ರಾಕ ಮುಖಾ ಇಲ್ಲದ, ಸಿಕ್ಕ ನೌಕರಿ ಹಿಡದಿದ್ದೆ. ಊರಾಗ ಯಾರಿಗೂ ಇದು ಗೊತ್ತಿದ್ದಿಲ್ಲ. ಕಾಲೇಜು ಕಲತ ಮಾಸ್ತರ್ರು ಅಂತ ನಮಸ್ಕಾರ ಮಾಡತಿದ್ರು, ನಾನೂ ಸುಮ್ಮನ ತೊಗೋತಿದ್ದೆ ನೋಡ್ರಪಾ!

ನಮ್ಮ ಸಾಲ್ಯಾಗ ದೀಡಕಿ ಮಗ್ಗಿ, ಅಂದ್ರ ಒಂದೂವರಿ ಮಗ್ಗಿ, ಮೂವತ್ತು ಹುಡುಗೂರು ಕೂಡಿ ಒದರಿದ್ರ ಹೆಂಚು ನಡಗತಿದ್ವು. ಎಲ್ಲಾರಕಿಂತ ಅಗಲ ಬಾಯಿ ಈರಪ್ಪಂದು. ಒಂದಿನ ಅವನಪ್ಪ ರುದ್ರಗೌಡ ಬಂದು ಬಾಗಲದಾಗ ನಿಂತ. "ಮಾಸ್ತರ್ರ, ಇಂವಗ ಲೆಕ್ಕ ಹತ್ತೂದಿಲ್ಲ. ನಾಳಿಯಿಂದ ಸಾಲಿ ಬಿಡಸ್ತೇನಿ, ಎಮ್ಮಿ ಕಾಯಲಿ." "ಛೇ ಛೇ, ಗೌಡ್ರ, ಕೇಳ್ರಿಲ್ಲೆ!" ಅಂತ ಜಂಬದಿಂದ ಈರಪ್ಪನೊಬ್ಬನ್ನ ನಿಲ್ಲಿಸಿದೆ. "ಐದರ ದೀಡಕಿ ಹೇಳೋ." ತುಟಿ ಅಲ್ಲಾಡತಾವ, ದನಿ ಇಲ್ಲ. "ದಿನಾ ಒದರತಿದ್ದೆಲ್ಲೋ?" "ಬರೇ ಬಾಯಿ ತಗದ ಮುಚ್ಚತಿದ್ನಿರಿ…"

ಸಣ್ಣಾಂವಿದ್ದಾಗ ಸಂಪಗಾಂವ ಸಾಲ್ಯಾಗ ನಾನೂ ಹಿಂಗ ಮಾಡೇನಿ, ಎರಡು ವರ್ಷ, ಅಲ್ಲಲ್ಲ, ನಾಕು ವರ್ಷ! ಬಾಯಿಂದ ಬಂದ ಬಿಡ್ತು: "ಗೌಡ್ರ, ನಾನೂ ಹಿಂಗ ಮಾಡಿ ಕಾಲೇಜಿನಾಗ ಎರಡ ಸಲ ಬಿದ್ದೇನಿ." "ಏನಂದ್ರಿ? ಬಿದ್ದಾವ್ರು ನಮ್ಮ ಹುಡುಗೂರಿಗೆ ಕಲಸ್ತೀರಿ?" ನೌಕರಿ ಹೋತು ಅಂದ್ಕೊಂಡೆ. ಹೋದ್ರ ಹೋಗಲಿ. "ಹೌದ್ರಿ. ಏ ಹುಡುಗೂರ್ಯಾ, ಖರೇ ಹೇಳ್ರಿ, ಬಡಿಯೂದಿಲ್ಲ. ಮತ್ಯಾರು ಬರೇ ತುಟಿ ಅಲ್ಲಾಡಸ್ತೀರಿ?" ಒಂದು ಕೈ ಎದ್ದಿತು, ಎರಡು, ಹತ್ತು… ಯಪ್ಪಾ! ಮೂವತ್ತರಾಗ ಕೈ ಎತ್ತದಾವ್ರು ಇಬ್ಬರ ಇಬ್ಬರು! ಗೌಡ ಅಲ್ಲೇ ಹೊಸ್ತಿಲ ಮ್ಯಾಲ ಕುಂತ. "ಅಂದ್ರ ಇಷ್ಟ ದಿನಾ ಊರಿಗೆ ಕೇಳೂವಂಗ ಒದರಿದಾವ್ರು ಯಾರ್ರೀ?" "ಆ ಇಬ್ಬರು, ಮತ್ತ ನಾನು."

ಬಿದ್ದ ಮ್ಯಾಲ ನಾನ ಕಂಡುಕೊಂಡ ದಾರಿ ಹಿಡದೆ. "ಈರಪ್ಪ, ಬುಟ್ಟ್ಯಾಗ ಐದು ರೊಟ್ಟಿ. ಅದರ ಅರ್ಧ ಎಷ್ಟು?" "ಎರಡೂವರಿ." "ಐದಕ್ಕ ಕೂಡಸು." "ಏಳೂವರಿ… ಇಷ್ಟ ಏನ್ರಿ ದೀಡಕಿ?" ಅವಗ ಸಿಟ್ಟು ಬಂದಿತ್ತು, ಇಷ್ಟ ಸಣ್ಣದಕ್ಕ ಇಷ್ಟ ವರ್ಷ ಹೆದರಿಸಿದ್ರಲ್ಲ ಅಂತ! ಗೌಡ ಎದ್ದ, ಧೋತರ ಝಾಡಿಸಿದ. "ಹುಡುಗ ಇರಲಿ ಬಿಡ್ರಿ ಇಲ್ಲೇ. ಪಾಸಾದಾವ್ರು ನನಗ ಒಬ್ಬರೂ ಹಿಂಗ ಬಿಡಿಸಿ ಹೇಳಿದ್ದಿಲ್ಲ," ಅಂದು ಹೋದ.

ಎಡವಿದಾಂವಗ ಕಲ್ಲು ಎಲ್ಲೈತಿ ಗೊತ್ತಿರತೈತಿ. ತಿಳೀಲಿಲ್ಲಂದ್ರ ತಿಳೀಲಿಲ್ಲ ಅನ್ರಿ, ಅಷ್ಟ.